ಬಲ್ಬಕ್ಕನ ಮೊದಲ ಪ್ರಶ್ನೆ

ಬಲ್ಬಕ್ಕನಿಗೆ ಆ ಹೆಸರು ಅಂಟಿಕೊಂಡದ್ದು ಅವಳ ಕುತ್ತಿಗೆಯಲ್ಲಿ ಸದಾ ನೇತಾಡುವ ಟೆಸ್ಟ್ ಬಲ್ಬಿನಿಂದ. ಕರೆಂಟು ಹರಿಯುತ್ತಿದೆಯೇ ಎಂದು ತೋರಿಸುವ ಒಂದು ಪುಟ್ಟ ಬಲ್ಬು, ಅದಕ್ಕೆ ಎರಡು ವೈರು, ಅಷ್ಟೇ ಅವಳ ಆಸ್ತಿ. ಆ ಬಲ್ಬು ಹಿಡಿದು ಅವಳು ಎಷ್ಟು ಹಳೇ ಕಾರುಗಳಿಗೆ ಜೀವ ಕೊಟ್ಟಿದ್ದಾಳೋ ಅವಳಿಗೇ ನೆನಪಿಲ್ಲ. ಅವರ ರಿಪೇರಿ ಶೆಡ್ಡಿನಲ್ಲಿ ಎಂಜಿನ್ ಕೆಲಸ ತಮ್ಮನದು, ವೈರಿಂಗ್ ಅವಳದು. ತಮ್ಮನಿಗೆ ಅನುಮಾನ ಬಂದರೆ ಸಾಕು, ಹಳೇ ಸಾಮಾನು ಕಿತ್ತು ಹೊಸದು ಹಾಕಿಬಿಡುತ್ತಾನೆ. ಅಕ್ಕ ಹಾಗಲ್ಲ, ಬಂದ ಕಾರಿನ ಬಾನೆಟ್ಟನ್ನೂ ಅವಳು ಕೂಡಲೇ ಎತ್ತುವುದಿಲ್ಲ.

"ಇದಕ್ಕೆ ಕೊನೇ ಸಲ ಕೈ ಹಾಕಿದ್ದು ಯಾರು?" ಇದು ಅವಳ ಮೊದಲ ಪ್ರಶ್ನೆ. ಚೆನ್ನಾಗಿ ಓಡುತ್ತಿದ್ದ ಗಾಡಿ ತಾನಾಗಿ ಕೆಡುವುದಕ್ಕಿಂತ ಯಾರೋ ಮುಟ್ಟಿದ ಜಾಗದಲ್ಲಿ ಕೆಡುವುದೇ ಹೆಚ್ಚು ಎಂಬುದು ಅವಳ ಅನುಭವ. ಹೊಸ ರೇಡಿಯೊ ಹಾಕಿಸಿಕೊಂಡವರಿಗೆ ಫ್ಯೂಸ್ ಹೋಗಿರುತ್ತದೆ. ಸೀಟು ಬಿಚ್ಚಿ ತೊಳೆದವರ ಕಾರಿನಲ್ಲಿ ಯಾವುದೋ ವೈರು ಸೀಟಿನಡಿ ಸಿಕ್ಕಿ ನಜ್ಜುಗುಜ್ಜಾಗಿರುತ್ತದೆ.

ಅವಳು ಜ್ವರದಿಂದ ಮಲಗಿದ್ದ ವಾರ ಶೆಡ್ಡಿಗೆ ಬಂದದ್ದು ನಿವೃತ್ತ ಬಸ್ ಡ್ರೈವರೊಬ್ಬರ ಹಳೇ ಕಾರು. ಕೀ ತಿರುಗಿಸಿದರೆ ಒಮ್ಮೆ ಸ್ಟಾರ್ಟ್ ಆಗುತ್ತದೆ, ಇನ್ನೊಮ್ಮೆ ಟಕ್ ಎಂದು ಸುಮ್ಮನಾಗುತ್ತದೆ. ತಮ್ಮ ಬ್ಯಾಟರಿ ಬದಲಾಯಿಸಿದ, ಎಂಜಿನ್ ತಿರುಗಿಸುವ ಸೆಲ್ಫ್ ಮೋಟರನ್ನೂ ಬದಲಾಯಿಸಿದ. ಕಾರು ಜಪ್ಪಯ್ಯ ಅನ್ನಲಿಲ್ಲ. ಬಲ್ಬಕ್ಕ ಎದ್ದು ಕೆಲಸಕ್ಕೆ ಬಂದ ದಿನ ಅವನು ಡ್ರೈವರಿಗೆ ಹೇಳುತ್ತಿದ್ದ ಮಾತೇ ಅವಳ ಕಿವಿಗೆ ಬಿತ್ತು.

"ಯಜಮಾನ್ರೇ, ಇದನ್ನ ಗುಜರಿಗೆ ಹಾಕಿ, ಬೇರೆ ತಗೊಳ್ಳಿ."

ಕಾರಿನ ಮುಂದಿನ ಸೀಟಿನಲ್ಲಿ ಡ್ರೈವರ ಹೆಂಡತಿ ಕೂತಿದ್ದರು. ಸೊಂಟ ಬಗ್ಗದ ಆಕೆಗೆ ಈಗಿನ ತಗ್ಗು ಕಾರುಗಳಿಗೆ ಹತ್ತಲು ಆಗುವುದಿಲ್ಲ. ಬಾಗಿಲು ಅಗಲ, ಸೀಟು ಎತ್ತರ ಇರುವ ಇದೊಂದೇ ಆಕೆಯ ಕಾಲು. ಊರಿನ ಆ ತುದಿಯಲ್ಲಿ ಹಾಸಿಗೆ ಹಿಡಿದಿರುವ ತನ್ನ ಅಕ್ಕನನ್ನು ವಾರವಾರ ನೋಡಿ ಬರುವುದೂ ಇದರಲ್ಲೇ. ಕಾರು ಹೋದರೆ ಅಕ್ಕತಂಗಿಯರ ಭೇಟಿ ಮುಗಿದಂತೆಯೇ. ಇದನ್ನೆಲ್ಲ ಆಕೆಯ ಬಾಯಿಂದಲೇ ಕೇಳಿದ ಬಲ್ಬಕ್ಕ ಡ್ರೈವರ ಕಡೆ ತಿರುಗಿದಳು.

"ಕೊನೇ ಸಲ ಕೈ ಹಾಕಿದ್ದು ಯಾರು?"

"ನಿನ್ ತಮ್ಮನೇ ಕಣಮ್ಮ."

"ಅವನಿಗಿಂತ ಮುಂಚೆ?"

"ಯಾರೂ ಇಲ್ಲ. ನಾನು ಬೇರೆಯವರ ಕೈಗೆ ಕೊಡೋ ಪೈಕಿ ಅಲ್ಲ!"

ಬಲ್ಬಕ್ಕ ಹೆಡ್‌ಲೈಟ್ ಹಾಕಿ ಹಾರ್ನ್ ಒತ್ತಿದಳು. ಹಾರ್ನ್ ಮುಲುಗಿತು, ಲೈಟು ಮಂಕಾಯಿತು, ಬಿಸಿ ತೋರಿಸುವ ಮುಳ್ಳು ತನಗೂ ಇದಕ್ಕೂ ಏನೋ ಸಂಬಂಧವಿದೆ ಎಂಬಂತೆ ಕುಣಿಯಿತು. ಅವಳ ಮುಖ ಅರಳಿತು. ಬ್ಯಾಟರಿಯಿಂದ ಹೊರಟ ಕರೆಂಟು ಕಾರಿನ ತಗಡಿನ ಮೂಲಕ ವಾಪಸ್ ಬರಬೇಕು. ಇಲ್ಲಿ ಅದಕ್ಕೆ ವಾಪಸ್ ದಾರಿ ಸಿಗದೆ ಕಂಡಕಂಡವರ ಮನೆಗೆ ನುಗ್ಗುತ್ತಿದೆ. ಅವಳು ಬಲ್ಬಿನ ಒಂದು ವೈರನ್ನು ಬ್ಯಾಟರಿಯ ಮೈನಸ್ಸಿಗೆ, ಇನ್ನೊಂದನ್ನು ಕಾರಿನ ಬರಿ ತಗಡಿಗೆ ಇಟ್ಟಳು.

"ಕೀ ತಿರುಗಿಸೋ."

ತಮ್ಮ ತಿರುಗಿಸಿದ. ಮೈನಸ್ಸೂ ತಗಡೂ ಸರಿಯಾಗಿ ಕೂಡಿದ್ದರೆ ಉರಿಯಲೇಬಾರದ ಬಲ್ಬು ಉರಿಯಿತು.

"ಅರ್ತಿಂಗ್!" ತಮ್ಮ ಹಣೆ ಚಚ್ಚಿಕೊಂಡ.

ಬ್ಯಾಟರಿಯ ಮೈನಸ್ ವೈರನ್ನು ತಗಡಿಗೆ ಬಿಗಿದಿದ್ದ ಬೋಲ್ಟನ್ನು ಅವಳು ಬಿಚ್ಚಿದಳು. ಕೆಳಗೆ ತುಕ್ಕಿನ ಸುಳಿವಿಲ್ಲ. ಹೊಳೆಯುವ ಹಸಿರು ಬಣ್ಣ, ಎರಡು ಕೋಟ್, ಒಂದು ಗೆರೆಯೂ ಆಚೀಚೆಯಾಗದ ಅಚ್ಚುಕಟ್ಟು ಕೆಲಸ. ಕರೆಂಟಿಗೆ ಅಡ್ಡ ನಿಂತದ್ದು ಈ ಬಣ್ಣವೇ.

"ಈ ಬಣ್ಣ ಯಾರು ಬಳಿದಿದ್ದು?"

ಡ್ರೈವರು ಉತ್ತರ ಕೊಡುವ ಮೊದಲೇ ಕಾರಿನೊಳಗಿಂದ ಹೆಂಡತಿಯ ದನಿ ಬಂತು. "ಇನ್ಯಾರು? ಇವ್ರೇ. ಪ್ರತಿ ಬೋಲ್ಟ್ ಬಿಚ್ಚಿ, ಅಡೀಲೂ ಬಳಿದ್ರು. ನಮ್ಮ ಮದುವೆ ದಿನದ ಸೀರೆ ಬಣ್ಣ ಅಂತೆ."

ಡ್ರೈವರ ಮುಖ ಕಪ್ಪಿಟ್ಟಿತು. ಬಣ್ಣ ಬಳಿಯುವುದೂ ಕೈ ಹಾಕಿದ ಲೆಕ್ಕವೆಂದು ಅವರಿಗೆ ಹೊಳೆದೇ ಇರಲಿಲ್ಲ. "ಅಂದ್ರೆ ನಾನೇ ಇದನ್ನ ಕೊಂದೆನಾ?"

"ಸತ್ತಿಲ್ಲ ಬಿಡಿ. ಪ್ರೀತಿ ಒಂದು ಕೋಟ್ ಜಾಸ್ತಿ ಆಗಿದೆ, ಅಷ್ಟೇ," ಎಂದಳು ಬಲ್ಬಕ್ಕ. ಉಪ್ಪುಕಾಗದವನ್ನು ತಮ್ಮನ ಕೈಗೆ ಕೊಡದೆ ಅವರ ಕೈಗೇ ಕೊಟ್ಟಳು. "ನೀವೇ ಉಜ್ಜಿ. ಬೋಲ್ಟ್ ಕೂರೋವಷ್ಟು ಜಾಗ ಸಾಕು, ಮಿಕ್ಕಿದ್ದು ಇರ್ಲಿ. ಇಷ್ಟು ಚಂದದ ಕೆಲಸ ನಮ್ಮ ಶೆಡ್ಡಲ್ಲಿ ಯಾರಿಗೂ ಬರಲ್ಲ." ಅದು ಸಮಾಧಾನದ ಮಾತಲ್ಲ, ನಿಜ.

ಅವರು ಉಜ್ಜಿದರು. ಬೆಳ್ಳಗಿನ ತಗಡು ಇಣುಕಿತು. ಅವಳು ವೈರು ಬಿಗಿದು, ಮೇಲೆ ಗ್ರೀಸು ಸವರಿದಳು. ಕೀ ತಿರುಗಿಸಿದ ಮರುಕ್ಷಣ ಎಂಜಿನ್ ಗುರ್ರೆಂದಿತು. ಡ್ರೈವರು ಸ್ಟೀರಿಂಗಿಗೆ ಹಣೆ ಹಚ್ಚಿದರು.

"ಅಕ್ಕನ ಮನೆಗೆ ನಡೀರಿ," ಎಂದರು ಹೆಂಡತಿ.

"ಈಗ್ಲೇನಾ?"

"ಮತ್ತೆ? ನೀವು ಇನ್ನೊಂದು ಡಬ್ಬ ಬಣ್ಣ ತರೋದ್ರೊಳಗೆ!"