ಚೆನ್ನಬಸಮ್ಮನಿಗೂ ಬಂದ ನೋಟಿಸು

ಗಾದಿಗನೂರಿನ ಲಾರಿ ರಸ್ತೆಯಲ್ಲಿ ಎದುರುಬದುರಾಗಿ ಎರಡು ಖಾನಾವಳಿಗಳಿದ್ದವು. ಸಂಡೂರಿನಿಂದ ಅದಿರು ಹೊತ್ತು ಬರುವ ಲಾರಿಗಳ ಕೆಂಧೂಳು ಎರಡರ ಮೇಲೂ ಸಮನಾಗಿ ಕೂರುತ್ತಿತ್ತು. ಗಿರಾಕಿಗಳು ಮಾತ್ರ ಹಾಗೆ ಕೂರುತ್ತಿರಲಿಲ್ಲ. ಚೆನ್ನಬಸಮ್ಮನ ಹೊಟ್ಟೆಯುರಿ ಇದ್ದದ್ದೇ ಅಲ್ಲಿ.

ಗಂಡ ತೀರಿದ ಮೇಲೆ ಕಂಪ್ಲಿಯಿಂದ ಬಂದು, ಬೇವಿನ ಮರಕ್ಕೆ ತಾಡಪಾಲು ಕಟ್ಟಿ ಮೊದಲು ಒಲೆ ಹೂಡಿದವಳು ಅವಳು. ತ್ರಿವೇಣಿ ಅವಳಲ್ಲಿ ಪಾತ್ರೆ ತಿಕ್ಕಲು ಬಂದವಳು. ರೊಟ್ಟಿ ಬಡಿಯುವುದನ್ನು ಅವಳ ಕೈ ನೋಡಿಯೇ ಕಲಿತವಳು. ಗಣಿಯ ದುಡ್ಡು ಹರಿಯತೊಡಗಿದಾಗ ರಸ್ತೆ ದಾಟಿ ಸ್ವಂತ ಖಾನಾವಳಿ ಹಾಕಿದಳು, ಫ್ಯಾನು ತಿರುಗಿಸಿದಳು. ಆಚೆಯಿಂದ ರೊಟ್ಟಿ ಬಡಿಯುವ ಸದ್ದು ಕೇಳಿದಾಗೆಲ್ಲ ಚೆನ್ನಬಸಮ್ಮನ ಅಂಗೈ ಹಿಟ್ಟಿನ ಮೇಲೆ ಇನ್ನಷ್ಟು ಜೋರಾಗಿ ಬೀಳುತ್ತಿತ್ತು.

ಅದನ್ನಾದರೂ ಸಹಿಸಬಹುದಿತ್ತು. ಸಹಿಸಲಾಗದ್ದು ನೋಟಿಸು.

ಆ ವರ್ಷಗಳಲ್ಲಿ ಆದಾಯ ತೆರಿಗೆಯ ನೋಟಿಸು ಬಂದವನೇ ಊರಿಗೆ ದೊಡ್ಡವನು. ತ್ರಿವೇಣಿ ತನಗೆ ಬಂದದ್ದಕ್ಕೆ ಗಾಜಿನ ಕಟ್ಟು ಹಾಕಿಸಿ, ವಿರೂಪಾಕ್ಷನ ಪಟದ ಕೆಳಗೆ ತೂಗುಹಾಕಿ, ಅದಕ್ಕೂ ಊದುಬತ್ತಿ ಬೆಳಗುತ್ತಿದ್ದಳು.

"ಎದುರಿನಾಕಿಗೆ ಸರ್ಕಾರದವ್ರು ಕಾಗದ ಬರೀತಾರ. ನಿನಗ ಕರೆಂಟ್ ಬಿಲ್ ಬಿಟ್ರ ಏನ್ ಬರ್ತೈತಿ ಯವ್ವಾ?" ಎಂದು ಲಾರಿ ಡ್ರೈವರ್ ಉಜ್ಜಿನಪ್ಪ ಉಣ್ಣುತ್ತಲೇ ಕೆಣಕಿದ.

"ಸುಮ್ನ ಉಣ್ಣಲೇ. ಇಲ್ಲಾಂದ್ರ ಅಲ್ಲೇ ಹೋಗಿ ಆ ಕಾಗದಾನ ನೆಕ್ಕು."

ಮುಂದೊಂದು ಮಧ್ಯಾಹ್ನ ಸಫಾರಿ ತೊಟ್ಟವನೊಬ್ಬ ಬೈಕಿನಿಂದಿಳಿದು, ಮೊಹರಿದ್ದ ಕಾಗದ ಚಾಚಿದ. "ತೆರಿಗೆ ಬಾಕಿ ಐತಮ್ಮ. ಶುಕ್ರವಾರ ನನ್ನ ಕೈಗೆ ಕೊಟ್ರ ಇಲ್ಲೇ ಮುಗಸ್ತೀನಿ. ಇಲ್ಲಾಂದ್ರ ಜೀಪ್ ಬಂದು ಬೀಗ ಜಡೀತೈತಿ."

ಬೇರೆಯವರಾದರೆ ನಡುಗುತ್ತಿದ್ದರು. ಚೆನ್ನಬಸಮ್ಮನ ಮುಖ ಅರಳಿತು.

"ಕುಂದ್ರಿ ಸಾಹೇಬ್ರ, ಬಿಸಿ ರೊಟ್ಟಿ ಉಂಡು ಹೋಗ್ರಿ," ಎಂದು ಬೆಣ್ಣೆ ಹಾಕಿ ಬಡಿಸಿದಳು.

ಅವನು ಕೇಳಿದಷ್ಟು ಹಣ ಅವಳಲ್ಲಿರಲಿಲ್ಲ. ಕೊರಳಲ್ಲಿ ತಾಯಿ ಕೊಟ್ಟ ಬಂಗಾರದ ಬೋರಮಾಳ ಸರವಿತ್ತು. ಗಂಡನ ಕಾಯಿಲೆಗೂ ಅಡವಿಡದ ಸರ. ಈಗ ಅದನ್ನು ಅಡವಿಡುವುದೆಂದು ನಿಂತ ನಿಲುವಿನಲ್ಲೇ ತೀರ್ಮಾನಿಸಿದಳು. ಆದರೆ ಮೊದಲು ಆಗಬೇಕಾದದ್ದು ಕಟ್ಟು. ಒಂದು ದಾರ ಹಿಡಿದು, ನೋಟಿಸಿನೊಂದಿಗೆ ವರ್ಷಗಳ ನಂತರ ರಸ್ತೆ ದಾಟಿದಳು.

"ಅಳತಿ ತಗೊಳ್ಳಾಕ ಬಂದೀನಿ," ಎಂದಳು ತ್ರಿವೇಣಿಗೆ. "ನಂದಕ್ಕ ಇದಕ್ಕಿಂತ ದೊಡ್ಡ ಕಟ್ಟು ಬೇಕು."

ತನ್ನ ಕಾಗದವನ್ನು ಆ ಕಟ್ಟಿನ ಪಕ್ಕ ಹಿಡಿದ ಚೆನ್ನಬಸಮ್ಮನ ಕೈ ಹಾಗೇ ನಿಂತಿತು. ಅವಳಿಗೆ ಅಕ್ಷರ ಬಾರದು, ಅಂಕಿ ಬರುತ್ತಿತ್ತು. ಎರಡೂ ನೋಟಿಸಿನ ತಲೆಯ ಮೇಲೆ ಒಂದೇ ನಂಬರು. ಒಂದೇ ನಂಬರಿನ ಎರಡು ಲಾರಿ ಓಡಿದರೆ ಅದರಲ್ಲಿ ಕಳ್ಳಲಾರಿ ಇದೆಯೆಂಬುದು ಆ ರಸ್ತೆಯ ಕೂಸಿಗೂ ಗೊತ್ತು.

"ಯಾರ್ ಕೊಟ್ರು ನಿನಗ ಇದನ್ನ?" ಎಂದು ಕೇಳಿದಳು.

"ಸಫಾರಿ ಹಾಕ್ಕೊಂಡಾವ," ಎಂದ ತ್ರಿವೇಣಿ, ಎರಡೂ ನಂಬರು ನೋಡಿ, ತನ್ನ ಕಟ್ಟನ್ನು ಗೋಡೆಯಿಂದ ಇಳಿಸಿದಳು. ಸೆರಗು ಜಾರಿತು, ಕೊರಳು ಬೋಳಾಗಿತ್ತು. "ನನ್ನ ಸರಾನೂ ಅವನ ಕೈಗೇ ಹೋತಕ್ಕಾ. ರಸೀದಿ ಕೇಳಿದ್ರ ಆಮ್ಯಾಲೆ ಅಂದ."

ಚೆನ್ನಬಸಮ್ಮನ ಎದೆಯೊಳಗೆ ಹಳೆಯ ಉರಿಯೊಂದು ತಣ್ಣಗಾಯಿತು. ಮರುಗಳಿಗೆ ಆ ತಂಪಿಗೇ ನಾಚಿಕೆಯಾಯಿತು.

ಮರುದಿನ ಉಜ್ಜಿನಪ್ಪನ ಲಾರಿಯಲ್ಲಿ ಇಬ್ಬರೂ ಹೊಸಪೇಟೆಯ ತೆರಿಗೆ ಕಚೇರಿಗೆ ಹೋದರು. ಗುಮಾಸ್ತ ಕಾಗದ ತಿರುವಿ ನೋಡಿದ.

"ಇದು ನಮ್ಮದಲ್ರಿ. ತೆರಿಗಿ ಯಾರ ಕೈಗೂ ಕೊಡಾದಲ್ಲ, ಚಲನ್ ಬರ್ದು ಬ್ಯಾಂಕಿನ್ಯಾಗ ಕಟ್ಟಾದು. ಎಂಥಾ ಕಾಗದ ಬಂದ್ರೂ ಮೊದ್ಲು ಇಲ್ಲಿಗೆ ಬಂದು ಕೇಳ್ರಿ." ಅವರ ಮಸಿಗೈ ನೋಡಿ ನಕ್ಕ. "ನಿಮಗ ನೋಟಿಸ್ ಬರೋವಷ್ಟು ಗಳಿಕಿ ಎಲ್ಲೈತವ್ವ?"

ಆ ಕೊನೆಯ ಮಾತು ಚೆನ್ನಬಸಮ್ಮನಿಗೆ ಮೋಸಕ್ಕಿಂತ ಆಳವಾಗಿ ಚುಚ್ಚಿತು. ಆದರೂ ತ್ರಿವೇಣಿಯ ಕೈ ಹಿಡಿದು ಪೊಲೀಸರಲ್ಲಿಗೆ ನಡೆದಳು.

ಶುಕ್ರವಾರ ಸಫಾರಿಯವನು ಬಂದ. ರೊಟ್ಟಿಯ ನಿರೀಕ್ಷೆಯಲ್ಲಿ ತಾನೇ ಕೂತ.

"ಚಲನ್ ಕೊಡ್ರಿ ಸಾಹೇಬ್ರ," ಎಂದಳು ಚೆನ್ನಬಸಮ್ಮ. "ಕಚೇರಿಗೆ ಕೂಡೇ ಹೋಗಿ ಬರೋಣು. ಉಜ್ಜಿನಪ್ಪ ಲಾರಿ ತೆಗೀತಾನ."

ಅವನು ಬೈಕಿನತ್ತ ಓಡಿದ. ಕೀಲಿ ಆಗಲೇ ಉಜ್ಜಿನಪ್ಪನ ಬೆರಳಲ್ಲಿ ತಿರುಗುತ್ತಿತ್ತು. ಬೇವಿನ ಮರದ ಹಿಂದೆ ಕಾದಿದ್ದ ಪೊಲೀಸರು ಅವನನ್ನೇನೋ ಒಯ್ದರು. ತ್ರಿವೇಣಿಯ ಸರ ಅಷ್ಟರಲ್ಲಿ ಯಾವುದೋ ಅಕ್ಕಸಾಲಿಗನ ಮೂಸೆಯಲ್ಲಿ ಕರಗಿಹೋಗಿತ್ತು.

ಕಥೆ ಕೇಳಲು ಡ್ರೈವರುಗಳೆಲ್ಲ ತ್ರಿವೇಣಿಯಲ್ಲಿಗೇ ನುಗ್ಗಿದರು. "ಮೋಸ ಹೋದಾಕಿಗೇ ಗಿರಾಕಿ ನೋಡು!" ಎಂದು ಚೆನ್ನಬಸಮ್ಮ ರೊಟ್ಟಿಯನ್ನು ಮತ್ತೆ ಜೋರಾಗಿ ಬಡಿದಳು.

ಸಂಜೆಗೆ ಆಚೆಯ ಸದ್ದು ನಿಂತಿತು. "ಹಿಟ್ಟು ತೀರೇತಕ್ಕಾ," ಎನ್ನುತ್ತ ತ್ರಿವೇಣಿ ಬುಟ್ಟಿ ಹಿಡಿದು ರಸ್ತೆ ದಾಟುತ್ತಿದ್ದಳು. ಇಷ್ಟು ವರ್ಷ ಅವಳ ಕಣ್ಣಿಗೆ ಬೀಳಲೆಂದೇ ಹೊಳೆಯುತ್ತಿದ್ದ ಬೋರಮಾಳವನ್ನು ಚೆನ್ನಬಸಮ್ಮ ಕುಪ್ಪಸದೊಳಗೆ ತಳ್ಳಿ, ಸೆರಗು ಎಳೆದುಕೊಂಡು, ಹಿಟ್ಟಿನ ಡಬ್ಬಿಯ ಮುಚ್ಚಳ ತೆರೆದಳು.