ಹಡರ್ಸ್‌ಫೀಲ್ಡ್ ಅಂಗಳದಲ್ಲಿ ಗುಳೇದಗುಡ್ಡದ ಮಗ್ಗಿ

ಇಂಗ್ಲೆಂಡಿನ ಹಡರ್ಸ್‌ಫೀಲ್ಡ್‌ನಲ್ಲಿ ಡಿಸೆಂಬರ್ ತಿಂಗಳ ಬೆಳಗು ಎಂದರೆ ಹೆಸರಿಗಷ್ಟೇ ಬೆಳಗು. ಏಳೂವರೆ ದಾಟಿದರೂ ಬೀದಿದೀಪ ಆರಿರುವುದಿಲ್ಲ. ಆ ಮಬ್ಬಿನಲ್ಲಿ, ಊರಂಚಿನ ಒಂದು ಪ್ರಾಥಮಿಕ ಶಾಲೆಯ ಅಂಗಳದಲ್ಲಿ ದಪ್ಪ ಕೋಟು, ಉಣ್ಣೆ ಟೋಪಿಯ ಮಕ್ಕಳು ಸಾಲಾಗಿ ಹೆಜ್ಜೆ ಹಾಕುತ್ತಿದ್ದಾರೆ. ಒಂದೊಂದು ಹೆಜ್ಜೆಗೂ ಏಳರ ಮಗ್ಗಿಯ ಒಂದೊಂದು ಸಾಲು. ಮಾತು ಯಾರ್ಕ್‌ಶರ್ ಇಂಗ್ಲಿಷಿನದು, ರಾಗ ಮಾತ್ರ ಅಪ್ಪಟ ಕನ್ನಡ ಶಾಲೆಯದು. ಸಾಲಿನ ಮುಂದೆ ಚಪ್ಪಾಳೆ ತಟ್ಟುತ್ತ ಹಿಮ್ಮುಖವಾಗಿ ನಡೆಯುತ್ತಿರುವ ಪುಟ್ಟ ಮೈಕಟ್ಟಿನ ಹೆಣ್ಣುಮಗಳೇ ನಿವೇದಿತಾ ಪಟ್ಟಣಶೆಟ್ಟಿ.

ಇಪ್ಪತ್ತೇಳರ ನಿವೇದಿತಾ ಇಲ್ಲಿ ಟೀಚಿಂಗ್ ಅಸಿಸ್ಟೆಂಟ್, ಅಂದರೆ ತರಗತಿಯ ಶಿಕ್ಷಕಿಗೆ ಸಹಾಯಕಿ. ಬೇಗ ಕೆಲಸಕ್ಕೆ ಹೋಗುವ ತಾಯ್ತಂದೆಯರು ಬಿಟ್ಟುಹೋದ ಮಕ್ಕಳಿಗೆ ಬೆಳಿಗ್ಗೆ ಬ್ರೆಡ್ಡು ಸುಟ್ಟು ಬೆಣ್ಣೆ ಸವರಿ ಕೊಡುವುದರಿಂದ ದಿನ ಶುರು. ಆಮೇಲೆ ಬಿಚ್ಚಿದ ಶೂ ದಾರ ಕಟ್ಟಬೇಕು, ಸೋರುವ ಮೂಗು ಒರೆಸಬೇಕು, ಬಣ್ಣದ ಕುಂಚ ತೊಳೆಯಬೇಕು, ಹಿಂದುಳಿದವರ ಪಕ್ಕ ಕೂತು ಹೇಳಿಕೊಡಬೇಕು. ಶಾಲೆಯ ವಾರ್ಷಿಕ ಫೋಟೋದಲ್ಲಿ ಅವರು ಕೊನೆಯ ಸಾಲಿನ ತುದಿಯಲ್ಲಿ ಅರ್ಧ ಕಾಣುತ್ತಾರೆ. ಅಷ್ಟೂ ಸಾಕೆಂಬಂತೆ ನಗುತ್ತಿದ್ದಾರೆ.

ಹುಟ್ಟೂರು ಬಾಗಲಕೋಟೆ ಜಿಲ್ಲೆಯ ಗುಳೇದಗುಡ್ಡ. ಅಲ್ಲೇ ಬಿ.ಎಡ್ ಮುಗಿಸಿ ಎರಡು ವರ್ಷ ಕನ್ನಡ ಶಾಲೆಯಲ್ಲಿ ಕಲಿಸಿದವರು, ಎಂಜಿನಿಯರ್ ಬಸವಪ್ರಭು ಅವರನ್ನು ಮದುವೆಯಾಗಿ ಇಲ್ಲಿಗೆ ಬಂದರು. ಇಲ್ಲಿನ ಶಾಲೆಯಲ್ಲಿ ಆ ಪದವಿಗೆ ಕಿಮ್ಮತ್ತಿಲ್ಲ ಎಂದು ತಿಳಿದಾಗ ಒಂದು ಚಳಿಗಾಲ ಪೂರ್ತಿ ಕಿಟಕಿಯ ಬಳಿ ಕೂತು, ಎದುರಿನ ರಸ್ತೆಯಲ್ಲಿ ಶಾಲೆಗೆ ಹೋಗುವ ಮಕ್ಕಳನ್ನು ನೋಡುತ್ತ ಕಳೆದರಂತೆ. "ಮಕ್ಕಳ ಗದ್ದಲ ಇಲ್ಲದ ಮನಿ, ನನಗ ದವಾಖಾನಿ ಇದ್ದಂಗ ಅನ್ನಿಸ್ತಿತ್ರಿ," ಎನ್ನುತ್ತಾರೆ. ಹಾಗಾಗಿ ಸಹಾಯಕಿಯ ಕೆಲಸ ಸಿಕ್ಕಾಗ ಕುಣಿದಾಡಿದ್ದರು. ಆರಂಭದ ಕೆಲ ತಿಂಗಳು ಪರೀಕ್ಷಾರ್ಥ; ಶಾಲೆಗೆ ಒಪ್ಪಿಗೆಯಾದರೆ ಮಾತ್ರ ಕೆಲಸ ಕಾಯಂ.

ಎಡವಟ್ಟಾದದ್ದು ಕಲಿಸುವುದರಲ್ಲಲ್ಲ, ಕರೆಯುವುದರಲ್ಲಿ. ನಿವೇದಿತಾ ನೆರವಾಗಬೇಕಿದ್ದ ತರಗತಿಯ ಶಿಕ್ಷಕಿ ಡೆಬ್ರಾ ಹಾರ್ಗ್ರೀವ್ಸ್ ಐವತ್ತು ದಾಟಿದವರು, ಮೂವತ್ತು ವರ್ಷ ಪಾಠ ಮಾಡಿದವರು. ಮೊದಲ ದಿನವೇ ಕೈ ಕುಲುಕಿ, ನನ್ನನ್ನು ಡೆಬ್ ಅಂದರೆ ಸಾಕು ಎಂದುಬಿಟ್ಟರು. ಉತ್ತರ ಕರ್ನಾಟಕದ ಕಡೆ ಶಿಕ್ಷಕಿ ಎಂದರೆ ಅಕ್ಕೋರು. ಅಕ್ಕೋರ ಹೆಸರು ಊರಿಗೆಲ್ಲ ಗೊತ್ತಿದ್ದರೂ ಅವರೆದುರು ಯಾರ ಬಾಯಲ್ಲೂ ಬರುವುದಿಲ್ಲ. ಗಂಡನನ್ನು ಮನೆಯಲ್ಲಿ ಧಾರಾಳವಾಗಿ ಹೆಸರು ಹಿಡಿದೇ ಕೂಗುವ ನಿವೇದಿತಾ ಅವರಿಗೆ ಈ ಒಂದು ಹೆಸರು ಗಂಟಲಲ್ಲೇ ಸಿಕ್ಕಿಕೊಂಡಿತು.

"ತಾಯಿ ವಯಸ್ಸಿನ ಅಕ್ಕೋರ್ನ ಹೆಸರ್ಲೆ ಕರಿಯೋದು ಹ್ಯಾಂಗ್ರಿ? ನಾಲಿಗಿ ಹೊಳ್ಳಬೇಕಲ್ರಿ. 'ಮ್ಯಾಡಮ್' ಅಂದ್ರ ಅವರು ನಗ್ತಿದ್ರು. ಅದಕ್ಕ ಕರಿಯೋದನ್ನ ಬಿಟ್ಟಬಿಟ್ಟೆ."

ಏನಾದರೂ ಹೇಳಬೇಕೆನಿಸಿದರೆ ಹೋಗಿ ಡೆಬ್ರಾ ಅವರ ಪಕ್ಕದಲ್ಲಿ ನಿಲ್ಲುವುದು, ಅವರಾಗಿಯೇ ತಿರುಗುವವರೆಗೆ ಕಾಯುವುದು. ಇದೇ ಅವರ ಉಪಾಯವಾಯಿತು. ಒಂದು ಮಧ್ಯಾಹ್ನ ಯಾರೋ ಕೈ ತೊಳೆಯುವ ನಲ್ಲಿಯನ್ನು ತಿರುಗಿಸಿ ಬಿಟ್ಟು ಹೋಗಿದ್ದರು. ತೊಟ್ಟಿ ತುಂಬಿ ನೀರು ಕಾರ್ಪೆಟ್ಟಿನತ್ತ ಹರಿಯುತ್ತಿತ್ತು. ನಲ್ಲಿ ಬಿಗಿಯಾಗಿ ಕಚ್ಚಿಕೊಂಡಿದ್ದರಿಂದ ನಿವೇದಿತಾ ಅವರ ಕೈಗೆ ಬಗ್ಗಲಿಲ್ಲ. ಓಡಿಬಂದು ಡೆಬ್ರಾ ಅವರ ಪಕ್ಕ ನಿಂತರು. ಡೆಬ್ರಾ ಒಬ್ಬ ತಾಯಿಯೊಡನೆ ಮಾತಾಡುತ್ತಿದ್ದರು. ಹಿರಿಯರ ಮಾತಿನ ನಡುವೆ ಬಾಯಿ ಹಾಕಬಾರದಲ್ಲ, ನಿಂತೇ ಇದ್ದರು. ಮಾತು ಮುಗಿಯುವಷ್ಟರಲ್ಲಿ ಓದುವ ಮೂಲೆಯ ದಿಂಬುಗಳೆಲ್ಲ ತೇಲುತ್ತಿದ್ದವು.

ಕ್ರಿಸ್‌ಮಸ್ ಹೊತ್ತಿಗೆ ಮುಖ್ಯೋಪಾಧ್ಯಾಯಿನಿ ಕೋಣೆಗೆ ಕರೆದು ಕೂರಿಸಿದರು. ಮಕ್ಕಳಿಗೆ ನೀನೆಂದರೆ ಇಷ್ಟ, ಆದರೆ ಜೊತೆಯವರೊಡನೆ ನೀನು ಮಾತೇ ಆಡುವುದಿಲ್ಲ, ಬೇಸಿಗೆಯವರೆಗೆ ನೋಡುತ್ತೇವೆ, ಆಮೇಲೂ ಹೀಗೇ ಆದರೆ ಕಷ್ಟ ಎಂದರು. ನಿವೇದಿತಾ ತಮ್ಮ ಮಟ್ಟಿಗೆ ತೋರಿಸಿದ್ದು ಮರ್ಯಾದೆ. ಶಾಲೆಯವರಿಗೆ ಕಂಡದ್ದು ಬಿಗುಮಾನ. ಮನೆಗೆ ಬಂದವರೇ ಬಿಕ್ಕಿಬಿಕ್ಕಿ ಅತ್ತರು. ಬಸವಪ್ರಭು ಅಡುಗೆಮನೆಯಲ್ಲಿ ತಾವೇ ಡೆಬ್ರಾ ಆಗಿ ಕೂತು, ಎಲ್ಲಿ ಒಮ್ಮೆ ಕರಿ ನೋಡೋಣ ಎಂದು ತಾಲೀಮು ಕೊಟ್ಟರಂತೆ. ಗಂಡನ ಮೀಸೆ ನೋಡಿ ನಗು ಬಂತೇ ಹೊರತು ಹೆಸರು ಬರಲಿಲ್ಲ.

ಅದೇ ಹೊತ್ತಿಗೆ, ಮಗ್ಗಿ ಹೇಳಿಕೊಡಲೆಂದು, ನಿವೇದಿತಾ ಅವರ ಪಾಲಿಗೆ ತರಗತಿಯ ಆರು ಮಕ್ಕಳು ಬಂದರು. ಎಂಟೊಂಬತ್ತು ವಯಸ್ಸಿನವರ ಈ ನಾಲ್ಕನೇ ವರ್ಷದ ತರಗತಿಗೆ ಜೂನ್‌ನಲ್ಲಿ ಕಂಪ್ಯೂಟರ್ ಮುಂದೆ ಮಗ್ಗಿಯ ಪರೀಕ್ಷೆ ಇರುತ್ತದೆ. ಪ್ರಶ್ನೆ ಕಂಡ ಕೆಲವೇ ಕ್ಷಣಗಳಲ್ಲಿ ಉತ್ತರ ಒತ್ತಬೇಕು. ಈ ಆರು ಮಂದಿಯ ಮೇಲೆ ಯಾರಿಗೂ ಭರವಸೆ ಇರಲಿಲ್ಲ. ಅದರಲ್ಲೂ ಝೈನಬ್ ಎಂಬ ಹುಡುಗಿ ಪರೀಕ್ಷೆಯ ಹೆಸರೆತ್ತಿದರೆ ಹೊಟ್ಟೆನೋವೆಂದು ಮಲಗಿಬಿಡುತ್ತಿದ್ದಳು. ಕೋಟು ನೇತುಹಾಕುವ ಹಜಾರದಲ್ಲಿ ಅವರನ್ನು ಕೂರಿಸಿಕೊಂಡ ನಿವೇದಿತಾ ಒಂದೇ ವಾರದಲ್ಲಿ ಕಂಡುಕೊಂಡರು: ಮಕ್ಕಳಿಗೆ ಲೆಕ್ಕ ಬರುತ್ತದೆ, ಮೇಜಿನ ಕೆಳಗೆ ಬೆರಳು ಎಣಿಸುವಷ್ಟರಲ್ಲಿ ಹೊತ್ತು ಮೀರುತ್ತದೆ. ಇವರಿಗೆ ಬೇಕಿದ್ದದ್ದು ತಮ್ಮ ಊರಿನ ನೀಲಮ್ಮ ಅಕ್ಕೋರು ಸಂಜೆ ಸಂಜೆ ಹೇಳಿಸುತ್ತಿದ್ದಂಥ ಮಗ್ಗಿ. ಹೆಜ್ಜೆ ಹಾಕುತ್ತ, ಚಪ್ಪಾಳೆ ತಟ್ಟುತ್ತ, ಗಂಟಲು ಬಿಟ್ಟು ಕೂಗುವ ಮಗ್ಗಿ.

ಹಜಾರ ಗುಂಯ್‌ಗುಟ್ಟಿತು. ಮಕ್ಕಳು ಕುಣಿದರು, ಝೈನಬ್ ಹೊಟ್ಟೆನೋವು ಮರೆತಳು. ಪಕ್ಕದ ತರಗತಿಯಿಂದ ದೂರೂ ಬಂತು. ಸ್ವಲ್ಪ ಮೆಲ್ಲಗೆ ಹೇಳಿಸು ಎಂದರು ಡೆಬ್ರಾ. ನಿವೇದಿತಾ ತಲೆಯಾಡಿಸಿದರು. ಪಿಸುಮಾತಿನಲ್ಲಿ ಹೇಳಿದ ಮಗ್ಗಿ ಯಾರ ತಲೆಗೆ ಹತ್ತೀತು? ವಾರದೊಳಗೆ ಬೆರಳುಗಳು ಮತ್ತೆ ಮೇಜಿನ ಕೆಳಗೆ ಸೇರಿದವು. ಝೈನಬ್ ಮತ್ತೆ ಹೊಟ್ಟೆ ಹಿಡಿದುಕೊಂಡಳು.

ಆ ಶುಕ್ರವಾರ ಚಹಾದ ಹೊತ್ತಿನಲ್ಲಿ ಡೆಬ್ರಾ ಶಿಕ್ಷಕರ ಕೋಣೆಯಲ್ಲಿ ಪಟ್ಟಾಂಗ ಹೊಡೆಯುತ್ತಿದ್ದರು. ನಿವೇದಿತಾ ಎಂದಿನಂತೆ ಪಕ್ಕದಲ್ಲಿ ಹೋಗಿ ನಿಂತರು. ಎಂದಿನಂತೆ ಯಾರೂ ತಿರುಗಲಿಲ್ಲ. ಕೆಲಸ ಹೋಗುವ ಭಯ ಇತ್ತು, ನಿಜ. ಆದರೆ ಆ ಗಳಿಗೆಯಲ್ಲಿ ಕಣ್ಣ ಮುಂದೆ ಬಂದದ್ದು ಹೊಟ್ಟೆ ಹಿಡಿದು ಕೂತ ಹುಡುಗಿ. ಅವಳಿಗಾಗಿ ಬಾಯಿ ಬಿಟ್ಟರು.

"ಡೆಬ್."

ಅಂದುಕೊಂಡಿದ್ದಕ್ಕಿಂತ ಜೋರಾಗಿಯೇ ಬಂತಂತೆ. ಕೋಣೆಯೆಲ್ಲ ತಿರುಗಿ ನೋಡಿತು. ಹೊರಟ ಮಾತನ್ನು ನಿಲ್ಲಿಸಲಿಲ್ಲ ನಿವೇದಿತಾ. ಈ ಮಕ್ಕಳು ಕೂಗಲೇಬೇಕು, ಹಜಾರ ಬೇಡವಾದರೆ ನನಗೆ ಅಂಗಳ ಕೊಡಿ ಎಂದರು. ಹೊರಗೆ ಕೊರೆಯುವ ಚಳಿ ಎಂದು ಡೆಬ್ರಾ ಹುಬ್ಬೇರಿಸಿದರು. "ಮಕ್ಕಳ ಹತ್ತಿರ ಕೋಟು ಇದೆ," ಎಂದರು ನಿವೇದಿತಾ.

ಡೆಬ್ರಾ ಹೊಟ್ಟೆ ತುಂಬ ನಕ್ಕು ಅಂಗಳ ಕೊಟ್ಟರು. ಇಷ್ಟು ದಿನ ಯಾಕೆ ಸುಮ್ಮನಿದ್ದೆ ಎಂದು ಕೇಳಿ, ಅಕ್ಕೋರ ಸಂಗತಿಯನ್ನೆಲ್ಲ ತಿಳಿದು ಪೆಚ್ಚಾದರು. ಇವತ್ತು ಕೇಳಿದರೂ ಮುಚ್ಚಿಡುವುದಿಲ್ಲ: "ಅವಳಿಗೆ ನಾನು ಇಷ್ಟವಿಲ್ಲ ಅಂತಲೇ ಅಂದುಕೊಂಡಿದ್ದೆ. ನಾಲ್ಕು ತಿಂಗಳು ಅವಳು ನನ್ನನ್ನು ಗೌರವಿಸುತ್ತಿದ್ದಳು, ನನಗೆ ಗೊತ್ತೇ ಆಗಲಿಲ್ಲ."

ಅಲ್ಲಿಂದ ಜೂನ್‌ವರೆಗೆ ದಿನವೂ ಅಂಗಳದಲ್ಲಿ ಮಗ್ಗಿ. ತುಂತುರು ಮಳೆ ಇದ್ದರೆ ಟೋಪಿ ಏರಿಸಿಕೊಂಡು ಮಗ್ಗಿ. ಪರೀಕ್ಷೆಯ ದಿನ ಝೈನಬ್ ಕಂಪ್ಯೂಟರ್ ಮುಂದೆ ಕೂತು, ಮೇಜಿನ ಕೆಳಗೆ ಕಾಲಲ್ಲಿ ತಾಳ ಹಾಕುತ್ತ ಒಂದೂ ತಪ್ಪಿಲ್ಲದೆ ಮುಗಿಸಿದಳು. ಉಳಿದ ಐವರೂ ಶಾಲೆಯ ಅಂದಾಜನ್ನೆಲ್ಲ ಮೀರಿಸಿ ಗೆದ್ದರು. ಅದೇ ವಾರ ನಿವೇದಿತಾ ಅವರ ಕೆಲಸ ಕಾಯಂ ಆಯಿತು. ಸುದ್ದಿ ಹೇಳಿದವರು ಡೆಬ್ರಾ, ಮೊದಲು ಅತ್ತವರೂ ಅವರೇ.

ಇದಾಗಿ ಒಂದೂವರೆ ವರ್ಷ. ಈಗ ಅಂಗಳದಲ್ಲಿ ಆರಲ್ಲ, ಇಡೀ ತರಗತಿಯೇ ಹೆಜ್ಜೆ ಹಾಕುತ್ತದೆ. ಮಕ್ಕಳನ್ನು ಬಿಡಲು ಬಂದ ಅಪ್ಪಂದಿರೂ ಗೇಟಿನ ಬಳಿ ಗುನುಗುತ್ತ ನಿಲ್ಲುವುದುಂಟು. ಬರುವ ಸೆಪ್ಟೆಂಬರ್‌ನಿಂದ ನಿವೇದಿತಾ ಅವರಿಗೆ ಇಲ್ಲಿನ ಶಿಕ್ಷಕಿಯ ತರಬೇತಿ ಶುರು. ಅದು ಮುಗಿದರೆ ಸ್ವಂತದ್ದೊಂದು ತರಗತಿ. ಮುಂದಿನ ಆಸೆ ಏನೆಂದು ಕೇಳಿದರೆ ದೊಡ್ಡದೇನೂ ಇಲ್ಲ ಎಂದು ನಾಚುತ್ತಾರೆ. ಇಲ್ಲಿ ಹಾಜರಿ ಕರೆಯುವುದು ತರಗತಿಯ ಶಿಕ್ಷಕಿಯ ಹಕ್ಕು, ಸಹಾಯಕಿಯರು ಬದಿಗೆ ನಿಂತು ಕೇಳಬೇಕು.

"ಒಂದು ಹೆಸರು ಕರೀಲಿಕ್ಕೆ ನನಗ ನಾಲ್ಕು ತಿಂಗಳು ಬೇಕಾತ್ರಿ," ಎನ್ನುತ್ತಾರೆ ನಿವೇದಿತಾ. "ನನ್ನದ ಕ್ಲಾಸ್ ಆದಮ್ಯಾಲ ದಿನಾ ಮುಂಜಾನೆ ಮೂವತ್ತು ಹೆಸರು ಕರೀಬೇಕು. ಮೂವತ್ತು ಮಂದೀನೂ 'ಬಂದೀನಿ' ಅನ್ನಬೇಕು. ಅಷ್ಟ ಸಾಕ್ರಿ."