ಮದ್ದಳೆ ಮಾವನ ಹಗಲುನಿದ್ದೆ

ಅವರ ಬಲಗೈಯ ಉಂಗುರ ಬೆರಳಿನ ತುದಿ ಹುಣಸೆ ಬೀಜದಷ್ಟು ಗಟ್ಟಿ. ಮುಟ್ಟಿದರೆ ಚರ್ಮ ಅನ್ನಿಸುತ್ತಿರಲಿಲ್ಲ. ಯಕ್ಷಗಾನ ಮೇಳದಲ್ಲಿ ಮದ್ದಳೆ ಬಾರಿಸುತ್ತಿದ್ದ ನೆರೆಮನೆಯವರು, ನನಗೆ ಮದ್ದಳೆ ಮಾವ. ನಾನೋ ಮೊಬೈಲು ನೋಡಿ, ಊಟದ ಮೇಜು ಬಡಿದು ಅದನ್ನೇ ಕಲಿಯುತ್ತಿದ್ದವನು. ಒಂದು ಸಂಜೆ ಬೇಲಿಯಾಚೆಯಿಂದ ಕರೆದರು.

"ಎಂಥದು ಮಾರಾಯ, ಬಾಗಿಲು ಬಡಿಯುವುದಾ? ಯಾರೂ ತೆಗೆಯಲಿಕ್ಕಿಲ್ಲ. ಬಾ ಇಲ್ಲಿ, ಕೂತ್ಕೋ."

ಅಂದಿನಿಂದ ಅವರೇ ಕಲಿಸಿದರು. ನಾನು ತಪ್ಪಿದರೆ ಬೈಯುತ್ತಿರಲಿಲ್ಲ, ಹಲ್ಲುನೋವು ಬಂದವರ ಹಾಗೆ ಮುಖ ಮಾಡುತ್ತಿದ್ದರು.

ಮೇಳದ ತಿರುಗಾಟದಲ್ಲಿ ರಾತ್ರಿಯಿಡೀ ಯಕ್ಷಗಾನದ ಆಟ, ಹಗಲಿಡೀ ನಿದ್ದೆ. ಅವರ ಹೆಂಡತಿ, ನನಗೆ ಅತ್ತೆ, ಕಿಟಕಿ ಮುಚ್ಚಿ ಮೇಲೊಂದು ಕಂಬಳಿ ನೇತುಹಾಕುತ್ತಿದ್ದರು. ಮೀನಿನ ಸ್ಕೂಟರಿನವನೂ ನಮ್ಮ ತಿರುವಿನಲ್ಲಿ ಹಾರ್ನ್ ಹೊಡೆಯುತ್ತಿರಲಿಲ್ಲ.

ಒಂದು ಬೆಳಿಗ್ಗೆ ಆಟ ಮುಗಿಸಿ ಬರುವಾಗ ಸಿದ್ಧಕಟ್ಟೆಯ ಹತ್ತಿರ ಬೈಕ್ ಮಗುಚಿ ಮಾವನ ತಲೆಗೆ ಪೆಟ್ಟಾಯಿತು. ವಾರಗಟ್ಟಲೆ ಮಂಗಳೂರಿನ ಆಸ್ಪತ್ರೆಯಲ್ಲಿದ್ದು ಮನೆಗೆ ಬಂದರು. ಕಣ್ಣು ತೆರೆಯುತ್ತಿದ್ದರು, ಯಾರ ಗುರುತೂ ಇರಲಿಲ್ಲ. ಹಗಲೆಲ್ಲ ತೂಕಡಿಕೆ. ಅತ್ತೆಗೆ ಅದೇ ಸಂಭ್ರಮ.

"ನೋಡು, ಮೇಳದ ನಿದ್ದೆ ಮರೆಯಲಿಲ್ಲ ಇವರು! ನೆನಪು ಬರ್ತಾ ಉಂಟು."

ಕಿಟಕಿಗೆ ಮತ್ತೆ ಕಂಬಳಿ ಬಿತ್ತು. ನಾವೆಲ್ಲ ನಂಬಿದೆವು, ಮೆಲ್ಲಗೆ ಮಾತಾಡಿದೆವು.

ಕೈಕಾಲು ಆಡಿಸಲು ಮೂಡುಬಿದಿರೆಯಿಂದ ಬರತೊಡಗಿದ ಫಿಸಿಯೋಥೆರಪಿಯ ಹುಡುಗಿ ಕೋಣೆಗೆ ಕಾಲಿಟ್ಟವಳೇ ಕಂಬಳಿ ಸರಿಸಿದಳು.

"ಇದು ಅಭ್ಯಾಸ ಅಲ್ಲ ಅಮ್ಮ. ರಾತ್ರಿಯೂ ಸರಿ ಮಲಗುವುದಿಲ್ಲ ಅಲ್ವಾ? ಮೆದುಳಿಗೆ ಪೆಟ್ಟಾದರೆ ಹಗಲು ರಾತ್ರಿ ಕಲಸಿಹೋಗ್ತದೆ, ನಿದ್ದೆ ತುಂಡುತುಂಡಾಗ್ತದೆ. ಹಗಲು ಬೆಳಕಿಗೆ ಕೂರಿಸಿ, ಏನಾದ್ರೂ ಮಾಡಿಸಿ. ನಿದ್ದೆ ಹದಕ್ಕೆ ಬಂದ್ರೆ ಉಳಿದದ್ದಕ್ಕೂ ಸ್ವಲ್ಪ ಆಸೆ ಉಂಟು."

"ಹಾಗಾದ್ರೆ ನಾನೇ ಇವರನ್ನು ಕತ್ತಲೆಯಲ್ಲಿ ಇಟ್ಟದ್ದಾ?" ಎಂದರು ಅತ್ತೆ. ಹುಡುಗಿ ಮಾವನ ಮಣಿಕಟ್ಟು ತಿರುಗಿಸತೊಡಗಿದಳು.

ಮರುದಿನದಿಂದ ಅವರನ್ನು ಜಗಲಿಯ ಬಿಸಿಲಿನಲ್ಲಿ ಕೂರಿಸಿ, ಬೀಳದ ಹಾಗೆ ಕುರ್ಚಿಗೆ ಶಾಲು ಕಟ್ಟಿದೆವು. ಎದುರು ಕೂತು ನಾನು ಮದ್ದಳೆ ಬಾರಿಸುತ್ತಿದ್ದೆ. ರಾತ್ರಿಯ ನಿದ್ದೆ ಸ್ವಲ್ಪ ಉದ್ದವಾಯಿತು ಎಂದು ಅತ್ತೆ ಹೇಳತೊಡಗಿದರು. ಒಂದು ದಿನ ನಾನು ತಾಳವನ್ನು ಅರ್ಧ ಪೆಟ್ಟು ಮೊದಲೇ ಮುಗಿಸಿಬಿಟ್ಟೆ. ಮಾವನ ಮುಖ ಹಿಂಡಿಕೊಂಡಿತು, ಅದೇ ಹಲ್ಲುನೋವಿನ ಮುಖ.

"ಕಂಡಿತಾ? ನಿನ್ನ ತಪ್ಪು ಹಿಡಿದರು!" ಅತ್ತೆ ಅಳುತ್ತ ನಕ್ಕರು. "ಇನ್ನೊಮ್ಮೆ ತಪ್ಪು ಬಾರಿಸು, ಇನ್ನೊಮ್ಮೆ!"

ಎಷ್ಟು ಸಲ ತಪ್ಪಿಸಿದರೂ ಮುಖ ಮತ್ತೆ ಅಲುಗಲಿಲ್ಲ. ಮೊದಲ ಸಲದ್ದು ಕಣ್ಣಿಗೆ ಬಿಸಿಲು ಹೊಡೆದದ್ದೋ ಏನೋ.

ಮಳೆ ಶುರುವಾಯಿತು, ಜಗಲಿಗೆ ಬಿಸಿಲು ಬರುವುದು ನಿಂತಿತು. ಮಾವನ ಎದೆಯಲ್ಲಿ ಕಫ ಕಟ್ಟಿತು, ಜ್ವರ ಬಂತು, ನಿದ್ದೆ ಮತ್ತೆ ಚೂರುಚೂರಾಯಿತು. ಒಂದು ಮಧ್ಯಾಹ್ನ ಅವರು ಹೋದರು.

ಅವರು ಕಲಿಸಿಕೊಟ್ಟ ಮದ್ದಳೆಯ ಕೈ ನನ್ನಲ್ಲಿದೆ, ಅದಕ್ಕೆ ಬದಲಾಗಿ ಕೊಡಲು ನನ್ನಲ್ಲಿ ಏನೂ ಇಲ್ಲ. ಅತ್ತೆ ಮಾತ್ರ ನಾನು ಹೋದಾಗಲೆಲ್ಲ ಚಹಾ ಇಟ್ಟು ಎದುರು ಕೂರುತ್ತಾರೆ.

"ನೀನು ಮೊಬೈಲಿನಲ್ಲಿ ಎಲ್ಲ ಓದುವವನು, ಹೇಳು. ಮೊದಲ ದಿನವೇ ಕಿಟಕಿ ತೆರೆದಿದ್ರೆ ಉಳೀತಿದ್ರಾ?"

ನನಗೆ ಗೊತ್ತಿಲ್ಲ. "ಇಲ್ಲ ಅತ್ತೆ" ಎನ್ನುತ್ತೇನೆ. ಅವರು ತಲೆಯಾಡಿಸುತ್ತಾರೆ. ಮುಂದಿನ ಸಲ ಮತ್ತೆ ಕೇಳುತ್ತಾರೆ.